ಒಣಮೀನಿನ ಅಂಗಳದಲ್ಲಿ ಹರಿವೆ ಸೊಪ್ಪು

ಬೇರೆಯವರ ಮನೆಯಲ್ಲಿ ಸೊಪ್ಪು ಬಿತ್ತಿದರೆ ಸೊಪ್ಪು ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಮೊದಲು ಮಾತು ಹುಟ್ಟುತ್ತದೆ. ಹಾಗೆ ಹುಟ್ಟಿದ್ದರಲ್ಲಿ ಕೆಲವನ್ನು ಬರೆದಿದ್ದೇನೆ. ಉಳಿದವು ಬರೆಯುವಂಥವಲ್ಲ.

೧. ಅಂಗಳದ ತೀರ್ಪು

ನಮ್ಮದು ಅಂಕೋಲೆಯ ಕಡಲ ದಂಡೆಯ ಮನೆ. ಗಂಡ, ಮಾವ ದೋಣಿಗೆ ಹೋಗುವವರು. ಅತ್ತೆ ಅಂಗಳದ ತುಂಬ ಮೀನು ಒಣಗಿಸುವವರು. ನಾಲ್ಕು ವರ್ಷದ ಮಗಳೋ, ಮೀನಿಲ್ಲದ ಅನ್ನ ಮುಟ್ಟದವಳು. ಅವಳ ಹೊಟ್ಟೆಗೆ ಒಂದಿಷ್ಟು ತರಕಾರಿ ಹೋಗಲಿ ಎಂದು ನಾನು ಮಹಿಳಾ ಸಂಘದವರ ಜೊತೆ ಕಾರವಾರಕ್ಕೆ ಸಾವಯವ ಕೃಷಿ ತರಬೇತಿಗೆ ಹೋದೆ. “ಮನೆಯಲ್ಲಿ ಮಿಕ್ಕಿದ್ದು ಏನನ್ನೂ ಚೆಲ್ಲಬೇಡಿ” ಎಂದು ಅಲ್ಲಿಯ ಮೇಡಂ ಹತ್ತು ಸಲ ಹೇಳಿ, ಹನ್ನೊಂದನೇ ಸಲ ನಮ್ಮಿಂದಲೇ ಹೇಳಿಸಿದರು.

ಬಂದವಳೇ ಅರ್ಧ ಅಂಗಳ ಅಗೆದು ಹರಿವೆ, ಬದನೆ ಹಾಕಿದೆ.

“ಸೊಪ್ಪು ತಿನ್ನೂಕೆ ನಾವೇನು ದನವಾ?” ಎಂದರು ಅತ್ತೆ. ಮೂರು ದಿನದ ಜಗಳದ ನಂತರ ತೀರ್ಪು ಬಂತು. “ಮಳೆಗಾಲದ ಒಳಗೆ ಈ ಮನೆಯವರೆಲ್ಲ ಮೀನಿಲ್ಲದೆ ಒಂದು ಊಟ ತಕರಾರಿಲ್ಲದೆ ಉಂಡ್ರೆ ಜಾಗ ನಿಂದು. ಇಲ್ಲಾಂದ್ರೆ ಗಿಡ ಕಿತ್ತು ನನ್ನ ಮೀನು ಹರಡೂದು.”

“ಸೋಮವಾರ ಉಂಡ್ರೆ ಆಗ್ತದಲ್ಲ ಅತ್ತೆ?”

“ಸೋಮವಾರ ನಾವು ಮೀನು ಬಿಡೂದು ದೇವರಿಗೆ. ನಿನಗಲ್ಲ.”

೨. ಬಾಲ್ದಿಯ ಅಡಿಗೆ

ತರಬೇತಿಯಲ್ಲಿ ಕಲಿಸಿದಂತೆ ಬಾಲ್ದಿಯಲ್ಲಿ ಸೆಗಣಿ, ಗೋಮೂತ್ರ, ಬೆಲ್ಲ, ಕಡಲೆಹಿಟ್ಟು ಕಲಸಿ ಇಟ್ಟೆ. ಬೆಲ್ಲದ ಡಬ್ಬಿ ಖಾಲಿಯಾಗಿ ಎರಡು ದಿನ ಗಂಡನಿಗೆ ಸಪ್ಪೆ ಚಹಾ.

ಅತ್ತೆ ಬಾಲ್ದಿಯೊಳಗೆ ಇಣುಕಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದರು: “ಬೆಲ್ಲ, ಕಡಲೆಹಿಟ್ಟು ಗಿಡಕ್ಕೆ. ಸೊಪ್ಪು ಮಗುವಿಗೆ. ನನ್ನ ಮಗನಿಗೆ ಸೆಗಣಿ ಬಡಿಸೂದು ಯಾವಾಗ?”

೩. ಸೊಪ್ಪಿಗೆ ಬಲೆ

ಕೋಳಿಗಳು ಕೆದಕದಿರಲಿ ಎಂದು ಗಂಡನ ಹಳೇ ಬಲೆಯನ್ನು ಗಿಡಗಳ ಸುತ್ತ ಕಟ್ಟಿದೆ. ಪಕ್ಕದ ಮನೆಯಾಕೆ ದಿನಾ ಸಂಜೆ ಬಂದು, ನನ್ನನ್ನು ನೋಡಿ ನಕ್ಕು, ಒಂದು ಹಿಡಿ ಹರಿವೆ ಪುಕ್ಕಟೆ ಕೊಯ್ದುಕೊಂಡು ಹೋಗುವವಳು. ಅಂದೂ ನಕ್ಕಳು.

“ಸೊಪ್ಪಿಗೆ ಬಲೆ ಹಾಕಿದ್ರೆ ಎಂಥಾ ಮೀನು ಬೀಳ್ತದೆ ಮಾರಾಯ್ತಿ?”

“ದಿನಾ ಸಂಜೆ ಒಂದು ಬೀಳ್ತದೆ ಅಕ್ಕ. ಬಾಯಿ ಮಾತ್ರ ದೊಡ್ಡದು.”

ಮರುದಿನದಿಂದ ಆಕೆ ಬರಲಿಲ್ಲ. ಬಲೆ ಕೋಳಿಗೆ ಅಷ್ಟು ಉಪಯೋಗವಾಗಲಿಲ್ಲ.

೪. ಬುಧವಾರದ ಊಟ

ಮಳೆಗಾಲಕ್ಕೆ ಇನ್ನು ಎಂಟೇ ದಿನ ಎನ್ನುವಾಗ, ಒಂದು ಬುಧವಾರ ಧೈರ್ಯ ಮಾಡಿದೆ. ಹರಿವೆಗೆ ಕಾಯಿ ಅರೆದು ಹುಳಿ ಮಾಡಿದೆ. ಬದನೆಯನ್ನು ಬಿಲ್ಲೆಯಾಗಿ ಕೊಯ್ದು, ಉಪ್ಪು ಖಾರ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಹುರಿದೆ.

ಎಲ್ಲರೂ ಕೂತರು. ಮಾವ ಅಭ್ಯಾಸಬಲದಿಂದ ಪ್ರತಿ ತುತ್ತಿನಲ್ಲೂ ಮುಳ್ಳು ಹುಡುಕಿದರು; ಸಿಗದಿದ್ದರೂ ಬೇಸರಿಸಲಿಲ್ಲ. ಗಂಡ ತಲೆ ಎತ್ತಲಿಲ್ಲ. ಮಗಳು ಬದನೆ ತಿಂದು “ಆಯಿ, ಇನ್ನೊಂದು” ಎಂದಳು. ನನ್ನ ಕಣ್ಣಲ್ಲಿ ನೀರು ಬರುವುದಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಬೆಕ್ಕು ಊರಿಗೆಲ್ಲ ಕೇಳುವಂತೆ ಕೂಗಿತು.

ಅತ್ತೆಯ ಮುಖ ಅರಳಿತು. “ಬೆಕ್ಕೂ ಈ ಮನೆಯದ್ದೇ. ತಕರಾರು ಮಾಡ್ತು. ನಾಳೆ ಗಿಡ ಕೀಳು.”

ಗಂಡನ ಮುಖ ನೋಡಿದೆ. ಆತ ಇನ್ನೊಂದು ಬದನೆ ಬಾಯಿಗೆ ಹಾಕಿಕೊಂಡ. ನಾನು ಒಂದು ಬಿಲ್ಲೆಯನ್ನು ಬೆಕ್ಕಿನ ಮುಂದೆ ಎಸೆದೆ. ಅದು ಮೂಸಿತು. ಇಡಿಯಾಗಿ ತಿಂದಿತು. ನೆಲ ನೆಕ್ಕಿ, ಬಾಲ ಎತ್ತಿಕೊಂಡು ಕಾವಲಿಯ ಹತ್ತಿರ ಹೋಗಿ ಕೂತಿತು.

“ಬದನೆ ತಿನ್ನೂ ಬೆಕ್ಕು ನನ್ನ ಜನ್ಮದಲ್ಲಿ ಕಂಡಿಲ್ಲ! ಎಂಥಾ ಹಾಕಿದ್ಯೇ?” ಅತ್ತೆ ಬಾಯಿಬಿಟ್ಟರು.

“ಸಾವಯವ, ಅತ್ತೆ.”

ಅರ್ಧ ಅಂಗಳ ನನ್ನದಾಯಿತು. ಇದೆಲ್ಲ ಕಾರವಾರದ ಮೇಡಂ ಪುಣ್ಯ. ಮಿಕ್ಕಿದ್ದು ಏನನ್ನೂ ಚೆಲ್ಲಬೇಡಿ ಎಂದು ಅವರು ಅಷ್ಟು ಹೇಳಿದ್ದಕ್ಕೇ, ಮಂಗಳವಾರ ಬಂಗಡೆ ಮೀನು ಹುರಿದು ಮಿಕ್ಕಿದ ಎಣ್ಣೆಯನ್ನು ನಾನು ಚೆಲ್ಲಿರಲಿಲ್ಲ.