ತಕರಾರಿಲ್ಲ

ಯುದ್ಧ, ಭೂಕಂಪ, ಗ್ರಹಣಗಳ ಬಗ್ಗೆ ದೊಡ್ಡವರು ಬೇಕಾದಷ್ಟು ಬರೆದಿದ್ದಾರೆ. ಮೇಜಿನ ಗಿಡ್ಡ ಕಾಲಿನ ಬಗ್ಗೆ ಯಾರೂ ಬರೆದಂತಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಿಕೊಡಬೇಕಾಗಿದೆ. ಏಕೆಂದರೆ ಒಬ್ಬ ಮನುಷ್ಯನ ಭವಿಷ್ಯ ನಾಲ್ಕು ದಿನ ಅಂಥದೊಂದು ಕಾಲಿನಡಿ ಬಿದ್ದಿತ್ತು.

ಹಾಸ್ಟೆಲ್ ಕಾವಲುಗಾರನ ಮೇಜು ಅದು. ಅಲುಗಾಡುತ್ತಿತ್ತು. ಕಾವಲುಗಾರ ಅಂಚೆಯಲ್ಲಿ ಬಂದ ಲಕೋಟೆಗಳಲ್ಲಿ ದಪ್ಪಗಿದ್ದದ್ದನ್ನು ಆರಿಸಿ, ನಾಲ್ಕಾಗಿ ಮಡಿಸಿ, ಕಾಲಿನಡಿ ತುರುಕಿದ್ದ. ಮೇಲಿದ್ದ ಹೆಸರು ಯಾರದೆಂದು ತನಗೆ ತಿಳಿಯಲಿಲ್ಲ ಎಂಬುದು ಆಮೇಲೆ ಅವನು ಕೊಟ್ಟ ಸಮಜಾಯಿಷಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಹೆಸರಿನವನನ್ನು ಹಾಸ್ಟೆಲಿನಲ್ಲಾಗಲಿ ಕಾಲೇಜಿನಲ್ಲಾಗಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಸಂಖ್ಯೆ ನಲವತ್ತೇಳು. ಒಂದೂವರೆ ವರ್ಷದಿಂದ ಅವನು ಎಲ್ಲರಿಗೂ ನಲವತ್ತೇಳು.

ನಲವತ್ತೇಳು ಎರಡು ತಿಂಗಳ ಹಿಂದೆ ಅಕ್ಕನ ಊರಿನ ಕಾಲೇಜಿಗೆ ವರ್ಗ ಬೇಡಿ ಅರ್ಜಿ ಹಾಕಿದ್ದ. ‘ಕಾರಣ’ ಎಂದಿದ್ದ ಜಾಗದಲ್ಲಿ ‘ಇಲ್ಲಿ ಮಾತಾಡಲು ಯಾರೂ ಇಲ್ಲ’ ಎಂದು ಬರೆದು, ಅದು ಅರ್ಜಿಗೆ ಒಪ್ಪುವ ಭಾಷೆಯಲ್ಲವೆನಿಸಿ ಹೊಡೆದುಹಾಕಿ, ‘ಕೌಟುಂಬಿಕ’ ಎಂದು ತಿದ್ದಿದ್ದ. ಅಂದಿನಿಂದ ದಿನಕ್ಕೆ ಮೂರು ಸಲ ಕಾವಲುಗಾರನ ಮೇಜಿನ ಮೇಲೆ ಮೊಣಕೈ ಊರಿ, ತನಗೇನಾದರೂ ಬಂತೇ ಎಂದು ಕೇಳುತ್ತಿದ್ದ. ಕಳೆದ ನಾಲ್ಕು ದಿನದಿಂದ ಮೇಜು ಬಂಡೆಯ ಹಾಗೆ ನಿಂತಿರುವುದು ಅವನ ಗಮನಕ್ಕೆ ಬಂದಿತ್ತು. ಅದಕ್ಕಾಗಿ ಸಂತೋಷವನ್ನೂ ಪಟ್ಟಿದ್ದ.

ಆ ಬೆಳಿಗ್ಗೆ ಗುಡಿಸುವವಳು ಮೇಜು ಸರಿಸಿದಳು. ಲಕೋಟೆ ಹೊರಬಂತು. ಸೀಟು ಸಿಕ್ಕಿತ್ತು. ಆದರೆ ಜೊತೆಗಿದ್ದ ಹಾಳೆಯ ಏಳು ಚೌಕಗಳಲ್ಲಿ ಏಳು ಜನ ‘ಇವರು ಹೋಗಲು ನನ್ನ ತಕರಾರಿಲ್ಲ’ ಎಂದು ಸಹಿ ಹಾಕಿ, ಈಗಿರುವ ಕಾಲೇಜಿನ ಕಚೇರಿಗೆ ಮುಟ್ಟಿಸಬೇಕಿತ್ತು. ತಪ್ಪಿದರೆ ಸೀಟು ಕಾಯುವ ಪಟ್ಟಿಯಲ್ಲಿದ್ದ ಮುಂದಿನವರಿಗೆ. ಕೊನೆಯ ಗಡುವಿನ ಮೇಲೆ ಮೇಜಿನ ಕಾಲು ದುಂಡಗೆ ಮುದ್ರೆ ಒತ್ತಿತ್ತು. ನಲವತ್ತೇಳು ಬೆಳಕಿಗೆ ಹಿಡಿದು ಓದಿದ: ಇದೇ ದಿನ, ಸಂಜೆ ಐದು.

ಅಕ್ಕನಿಗೆ ಫೋನು ಮಾಡಿದ. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಮಿಷನ್ನು ಆಗಲೇ ಹಜಾರಕ್ಕೆ ಎಳೆದಾಗಿದೆ, ರೂಮು ಖಾಲಿ ಇದೆ ಎಂದಳು. “ಬೇಗ ಬಾರೋ ಮಾರಾಯ. ಮಿಷನ್ ಜೊತೆ ಎಷ್ಟು ಅಂತ ಮಾತಾಡ್ಲಿ?”

ಯಾಕೆ ಹೋಗುತ್ತೀ ಎಂದು ಕೇಳಿದವರಿಗೆ ಕೊಡಲು ಅವನ ಹತ್ತಿರ ಒಂದು ಪುಟ್ಟ ಉತ್ತರ ಸಿದ್ಧವಿತ್ತು. ಯಾರ ಮನಸ್ಸೂ ನೋಯದ ಹಾಗೆ, ಕೊನೆಗೆ ಧ್ವನಿ ಸ್ವಲ್ಪ ಗದ್ಗದವಾಗುವ ಹಾಗೆ, ಎರಡು ತಿಂಗಳಿಂದ ಕನ್ನಡಿಯ ಮುಂದೆ ತಿದ್ದಿ ತೀಡಿದ್ದು. ಮೊದಲ ಚೌಕ ಕೋಣೆಯ ಜೊತೆಗಾರನದು. ಅವನು ಸಹಿ ಹಾಕಿದ ಕೈಯಲ್ಲೇ ಕಿಟಕಿ ಪಕ್ಕದಲ್ಲಿದ್ದ ಇವನ ಮಂಚವನ್ನು ಗೇಣು ಹಾಕಿ ಅಳೆಯತೊಡಗಿದ. “ಬಕೆಟ್ ತಗೊಂಡ್ ಹೋಗ್ತೀಯಾ, ಬಿಟ್ಟು ಹೋಗ್ತೀಯಾ?” ಎಂಬುದಷ್ಟೇ ಅವನ ಪ್ರಶ್ನೆ.

ವಾರ್ಡನ್ ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು. ಪ್ರಯೋಗಾಲಯದ ಸಹಾಯಕ, ಇವನು ಬಾಯಿ ತೆರೆಯುವ ಮೊದಲೇ ಮುಗಿಸಿ, ಗಾಜಿನ ನಳಿಗೆ ತೊಳೆಯಲು ಹೋದ. ಆಟದ ಮೇಷ್ಟ್ರು ಮಾತ್ರ ಎದ್ದು ನಿಂತು, ಕೈ ಕುಲುಕಿ, ನಮ್ಮ ಕಾಲೇಜಿಗೆ ಸ್ವಾಗತ, ಯಾವ ಆಟ ಆಡುತ್ತೀರಿ ಎಂದು ವಿಚಾರಿಸಿದರು. ತಾನು ಬರುತ್ತಿಲ್ಲ, ಹೋಗುತ್ತಿದ್ದೇನೆ ಎಂದು ನಲವತ್ತೇಳು ತಿಳಿಸಿದಾಗ, ಅದಕ್ಕೂ ಅವರ ತಕರಾರಿರಲಿಲ್ಲ.

ತರಗತಿಯ ಮೇಷ್ಟ್ರನ್ನು ಹುಡುಕುವುದಕ್ಕೆ ಎರಡು ಗಂಟೆ ಹಿಡಿಯಿತು. ಸಭೆಯಲ್ಲಿದ್ದಾರೆ ಎಂದರು, ಊಟಕ್ಕೆ ಹೋದರು ಎಂದರು, ಕೊನೆಗೆ ಸಿಬ್ಬಂದಿ ಕೋಣೆಯಲ್ಲಿ ವೃತ್ತಪತ್ರಿಕೆ ಮುಖಕ್ಕೆ ಹೊದ್ದು ಮಲಗಿದ್ದರು. ಎದ್ದು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ನೀವು ನಮ್ಮ ಕ್ಲಾಸಾ?”

“ನಲವತ್ತೇಳು, ಸರ್.”

“ಓ, ದಿನಾ ಪ್ರೆಸೆಂಟ್ ಅಂತಾರಲ್ಲ, ಅದು ನೀವಾ. ಧ್ವನಿ ಪರಿಚಯ ಇದೆ ನೋಡಿ.”

ಐದನೆಯ ಸಹಿಯೂ ಬಿತ್ತು. ನಲವತ್ತೇಳು ಹೊರಗಿನ ಮೆಟ್ಟಿಲ ಮೇಲೆ ಕೂತ. ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಗುತ್ತಿತ್ತು. ದುಃಖಪಡಲು ಏನೂ ಇರಲಿಲ್ಲ. ಆದರೂ ಸಿದ್ಧಮಾಡಿದ ಉತ್ತರಕ್ಕೆ ಇನ್ನೂ ಯಾರೂ ಪ್ರಶ್ನೆ ಕೇಳಿರಲಿಲ್ಲ. ಹೋಗಬೇಕೆಂಬ ಆಸೆ ಅವನಿಗಿತ್ತು, ನಿಜ. ಬೇಡ ಎಂದು ಒಬ್ಬರಾದರೂ ಒಂದು ಸಲ ಹೇಳಿ, ಆಮೇಲೆ ತಾನು ಹೋಗಬೇಕೆಂಬ ಆಸೆಯೂ ಇತ್ತು. ಈ ಎರಡನೆಯದಕ್ಕೆ ಹಾಳೆಯಲ್ಲಿ ಚೌಕವಿರಲಿಲ್ಲ.

ಆರನೆಯ ಚೌಕ ಓದುವ ಕೋಣೆಯದು. ಅಲ್ಲಿ ಎಂದಿನಂತೆ ಒಂದು ಗಡಿಯಾರ, ಒಂಬತ್ತು ಖಾಲಿ ಮೇಜು, ಮತ್ತು ಕೋಣೆಯ ಉಸ್ತುವಾರಿಯ ಮೇಡಂ ಇದ್ದರು. ಮೇಡಂ ಹಾಳೆಯನ್ನು ಮೇಲಿಂದ ಕೆಳಗಿನ ತನಕ ಓದಿದರು. ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

“ನನಗೆ ತಕರಾರಿದೆ.”

ಮೇಜಿನ ಅಂಚು ಹಿಡಿದುಕೊಂಡ ನಲವತ್ತೇಳು, ಏನಂದಿರಿ ಎಂದ.

“ನೀವು ಹೋಗಕೂಡದು,” ಎಂದರು ಮೇಡಂ. ಹೇಳಿ, ಅವನ ಹೆಸರು ಹಿಡಿದು ಕರೆದರು. ಪೂರ್ತಿ ಹೆಸರು, ಇನಿಷಿಯಲ್ಲು ಸಹಿತ. ಕಿಟಕಿಯಿಂದ ಮೂರನೆಯ ಮೇಜು ಅವನದು, ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತಾನೆ, ಪುಟ ತಿರುವುವ ಮೊದಲು ಒಮ್ಮೆ ಕೆಮ್ಮುತ್ತಾನೆ ಎಂದೆಲ್ಲ ಹೇಳಿದರು. “ನೀವೇ ಹೋಗಿಬಿಟ್ರೆ ಈ ರೂಮಲ್ಲಿ ಉಳಿಯೋದೇನು? ನೀವಿದೀರಿ ಅಂತಲೇ ನಾನು ಧೈರ್ಯವಾಗಿದ್ದೆ.”

ತನ್ನ ಕೆಮ್ಮಿಗೆ ಇಷ್ಟು ಬೆಲೆಯಿದೆಯೆಂದು ನಲವತ್ತೇಳು ಕನಸಿನಲ್ಲೂ ಎಣಿಸಿರಲಿಲ್ಲ. ಹೊರಗೆ ಬಂದು, ಕಾರಿಡಾರಿನ ಕೊನೆಯ ತನಕ ನಡೆದು, ಮತ್ತೆ ಅಕ್ಕನಿಗೆ ಫೋನು ಮಾಡಿ, ಬರುವುದಿಲ್ಲ ಎಂದ. ಒಬ್ಬರು ತಕರಾರು ಮಾಡಿದ್ದಾರೆ ಎಂದೂ ವಿವರಿಸಿದ.

“ಯಾರೋ ಒಬ್ಬರು ಬೇಡ ಅಂದ್ರು ಅಂತ ನಿಲ್ತೀಯೇನೋ?”

“ಒಂದೂವರೆ ವರ್ಷದಲ್ಲಿ ಇದೇ ಮೊದಲನೇ ಸಲ, ಅಕ್ಕ.”

“ಹಾಗಾದ್ರೆ ನಿಲ್ಲು,” ಎಂದಳು ಅಕ್ಕ.

ನಲವತ್ತೇಳು ಕಚೇರಿಗೆ ಹೋಗಿ, ಸೀಟು ಬೇಡವೆಂದು ಬರೆದುಕೊಟ್ಟು, ಐದು ಸಹಿಯ ಹಾಳೆಯನ್ನು ಗುಮಾಸ್ತರ ಎದುರೇ ಹರಿದ. ಗುಮಾಸ್ತರು ಒಡನೆಯೇ ಆ ಕಾಲೇಜಿಗೆ ಸುದ್ದಿ ಮುಟ್ಟಿಸಿದರು. ಕಾಯುವ ಪಟ್ಟಿಯ ಮುಂದಿನ ವಿದ್ಯಾರ್ಥಿಗೆ ಸೀಟು ಹೋಯಿತು. ಆ ಕಚೇರಿಯಲ್ಲಿ ಯಾವ ಕೆಲಸವೂ ಇಷ್ಟು ಚುರುಕಾಗಿ ನಡೆದದ್ದು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಕೋಣೆಗೆ ಬಂದರೆ ಜೊತೆಗಾರ ಕಿಟಕಿ ಪಕ್ಕದ ಮಂಚದಲ್ಲಿ ಕಾಲು ಚಾಚಿ ಮಲಗಿದ್ದ. ನಾನು ಹೋಗುತ್ತಿಲ್ಲ ಎಂದು ನಲವತ್ತೇಳು ಸಂಭ್ರಮದಿಂದಲೇ ತಿಳಿಸಿದ. ಜೊತೆಗಾರ ಏಳಲಿಲ್ಲ. ತಾನು ತಕರಾರಿಲ್ಲವೆಂದು ಸಹಿ ಹಾಕಿದ ಗಳಿಗೆಯಿಂದ ಮಂಚ ತನ್ನದಾಗಿದೆಯೆಂದೂ, ಬೇಕಾದರೆ ಬಾಗಿಲ ಹತ್ತಿರದ್ದು ಖಾಲಿ ಇದೆಯೆಂದೂ ಹೇಳಿದ. ಅಲ್ಲಿ ಬಾಗಿಲು ತೆಗೆದಾಗಲೆಲ್ಲ ತಲೆಗೆ ಬಡಿಯುತ್ತದೆ. ನಲವತ್ತೇಳು ವಾದ ಮಾಡಲಿಲ್ಲ. ತನ್ನನ್ನು ಬೇಕೆಂದವರಿದ್ದ ಜಾಗ ಬೇರೆಯೇ ಇತ್ತು, ಅಲ್ಲಿಗೆ ಹೊರಟ.

ಓದುವ ಕೋಣೆಯಲ್ಲಿ ಮೇಡಂ ಚಹಾ ಲೋಟವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದರು. ಶಾಲು, ಛತ್ರಿ ಆಗಲೇ ಚೀಲ ಸೇರಿದ್ದವು. ತಾನು ಉಳಿದೆ ಎಂದು ಅವನು ತಿಳಿಸಿದಾಗ ಅವರ ಕಣ್ಣಲ್ಲಿ ನೀರೇ ಬಂತು.

“ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ,” ಎಂದರು.

ಸಂಗತಿ ಸರಳವಾಗಿತ್ತು. ಮೇಡಮ್ಮೂ ವರ್ಗ ಬೇಡಿ ಮೂರು ವರ್ಷದಿಂದ ಕಾಯುತ್ತಿದ್ದರು. ಅವರ ಜಾಗಕ್ಕೆ ಬೇರೆಯವರು ಬರುವುದಾದರೆ ಮಾತ್ರ ಅವರಿಗೆ ವರ್ಗ. ಕೋಣೆಗೆ ಒಬ್ಬ ಓದುಗನಾದರೂ ಇದ್ದರೆ ಮಾತ್ರ ಬೇರೆಯವರು ಬರುವುದು. ಓದುಗನೇ ಇಲ್ಲವೆಂದಾದರೆ ಕೋಣೆಗೆ ಬೀಗ, ಮೇಡಂ ಶಾಶ್ವತವಾಗಿ ಹಳೇ ಕಡತಗಳ ಉಗ್ರಾಣಕ್ಕೆ. ಹೆಸರು ತಿಳಿದದ್ದೂ ಹಾಗೆಯೇ: ಓದುಗರ ಪುಸ್ತಕದಲ್ಲಿ ಒಂದೂವರೆ ವರ್ಷದಿಂದ ದಿನಕ್ಕೊಂದು ಸಹಿ, ಎಲ್ಲವೂ ಅವನದೇ.

“ಇಷ್ಟು ಸಲ ಓದಿದ ಮೇಲೆ ಬಾಯಿಪಾಠ ಆಗದೆ ಇರುತ್ತಾ?” ಎಂದ ಮೇಡಂ ಒಂದು ಹಾಳೆ ಮುಂದೆ ಸರಿಸಿದರು. ಅದರಲ್ಲೂ ಏಳು ಚೌಕ. ಆರು ತುಂಬಿದ್ದವು. ಏಳನೆಯದರ ಕೆಳಗೆ ‘ಓದುಗರ ಪರವಾಗಿ’ ಎಂದು ಅಚ್ಚಾಗಿತ್ತು. ವರ್ಗ ಯಾವ ಕಾಲೇಜಿಗೆ ಎಂಬುದೂ ಅಚ್ಚಾಗಿತ್ತು. ಅಕ್ಕನ ಊರು.

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಇಡೀ ಲೋಕದಲ್ಲಿ ಆ ಗಳಿಗೆಯಲ್ಲಿ ತಕರಾರು ಮಾಡುವ ಹಕ್ಕಿದ್ದವನು ಅವನೊಬ್ಬನೇ. ಪೆನ್ನು ಹಿಡಿದು ಖಾಲಿ ಮೇಜುಗಳನ್ನು ಎಣಿಸಿದ, ಒಂಬತ್ತೇ ಇದ್ದವು. ಒಮ್ಮೆ ಕೆಮ್ಮಿದ. ಸಹಿ ಹಾಕಿದ.

ಮೇಡಂ ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋದವರು ತಿರುಗಿ, ಅವನ ಹೆಸರು ಹಿಡಿದು ಕರೆದು, ಆ ಊರಿನಲ್ಲಿ ಅವನಿಗೆ ಗೊತ್ತಿರುವವರು ಯಾರಾದರೂ ಇದ್ದಾರೆಯೇ, ಒಂಟಿ ಹೆಂಗಸಿಗೆ ಇರಲು ಒಂದು ರೂಮು ಸಿಕ್ಕೀತೇ ಎಂದು ಕೇಳಿದರು. ಅವನು ನಂಬರು ಬರೆದುಕೊಟ್ಟ.

ಅಕ್ಕನಿಗೂ ತಕರಾರಿರಲಿಲ್ಲ.