ಮಾಮಿಯ ಧ್ವನಿಗೆ ಮಾಮಾನ ರಿಪೇರಿ

ಜಗತ್ತಿನಲ್ಲಿ ರಿಪೇರಿ ಆಗದ ವಸ್ತುವೇ ಇಲ್ಲವೆಂದು ನಮ್ಮ ಮಾಮಾ ನಂಬಿದ್ದಾರೆ. ಅವರು ಕೈಯಾಡಿಸಿದ ಮೇಲೆ ಅಂಥ ವಸ್ತುಗಳು ಒಂದಷ್ಟು ಹುಟ್ಟಿಕೊಂಡಿವೆ, ಆ ಮಾತು ಬೇರೆ!

ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಆಯುಷ್ಯವೆಲ್ಲ ಕ್ರೇನುಗಳನ್ನು ದುರಸ್ತಿ ಮಾಡಿಸಿದವರು ನಿವೃತ್ತರಾಗಿ ಸುಮ್ಮನೆ ಕೂತಾರೆಯೇ? ಸಂಗೀತ ತಂತ್ರಜ್ಞಾನದ ಸರ್ಟಿಫಿಕೇಟ್ ಕೋರ್ಸಿಗೆ ಸೇರಿಬಿಟ್ಟರು. ಕಾರಣ ಮಾಮಿ. ನಮ್ಮ ಗಲ್ಲಿಯ ಗುರುವಾರದ ಭಜನೆಯಲ್ಲಿ ಮಾಮಾನದು ಹಾರ್ಮೋನಿಯಂ, ಮೊದಲ ಸಾಲು ಎತ್ತುವುದು ಮಾಮಿ. ಗಂಟಲಿನ ಆಪರೇಷನ್ ಆದಮೇಲೆ ಮಾಮಿಯ ಧ್ವನಿ ತಗ್ಗಿ, ದಪ್ಪಗಾಗಿ, ಅವರು ಭಜನೆಯ ಕಡೆ ತಲೆಹಾಕುವುದನ್ನೇ ಬಿಟ್ಟರು.

"ಧ್ವನಿ ಸರಿ ಮಾಡೋ ಸಾಫ್ಟ್‌ವೇರ್ ಐತಂತ. ಕಲತು ಬಂದು ರಿಪೇರಿ ಮಾಡತೇನಿ," ಎಂದರು ಮಾಮಾ.

"ನಾ ಏನು ಕ್ರೇನೇನ್ರಿ?"

"ಕ್ರೇನ್ ಇಷ್ಟು ಮಾತಾಡೂದಿಲ್ಲ."

ಮೊದಲ ದಿನ, ಮಗಳ ವಯಸ್ಸಿನ ಟೀಚರು ಹಿಂದಿಯಲ್ಲಿ, "ಅಂಕಲ್, ಮಗನನ್ನು ಸೇರಿಸಲು ಬಂದಿರಾ?" ಎಂದು ಕೇಳಿದರಂತೆ. "ಅವನ ಪಾಳಿ ಮುಗೀತು, ಈಗ ನಂದು," ಎಂದು ಮಾಮಾ ಮುಂದಿನ ಬೆಂಚಿನಲ್ಲೇ ಕೂತರು.

ಮನೆಯ ಕಪಾಟು ಸ್ಟುಡಿಯೋ ಆಯಿತು. ಸದ್ದು ಸೇರಬಾರದೆಂದು ಮೇ ತಿಂಗಳ ಸೆಕೆಯಲ್ಲಿ ಫ್ಯಾನು ಬಂದ್! ಧ್ವನಿ ಪ್ರತಿಧ್ವನಿಸದಿರಲೆಂದು ಮಾಮಿ ತಮ್ಮದೇ ಸೀರೆಗಳ ಸಾಲಿಗೆ ಮುಖಮಾಡಿ ಹಾಡಬೇಕು. ಪಕ್ಕದ ದಾಬೋಲಿಮ್ ನಿಲ್ದಾಣದಿಂದ ವಿಮಾನ ಏರಿದ್ದೇ ತಡ, ಅದೇ ನೆಪಮಾಡಿಕೊಂಡು ಅವರು ಹಾಡು ನಿಲ್ಲಿಸುತ್ತಿದ್ದರು. ಮತ್ತೆ ಶುರು ಮಾಡಿಸುವಷ್ಟರಲ್ಲಿ ಮಾಮಾನ ಬನಿಯನ್ನು ತೊಯ್ದು ತೊಪ್ಪೆ. ಇದರ ನಡುವೆ ಪಾವ್ ಮಾರುವವನ ಸೈಕಲ್ ಹಾರ್ನು ಬೇರೆ. ಮಾಮಾ ಕೆಳಗಿಳಿದು, "ಹಾರ್ನ್ ಬೇಸುರ್ ಐತಿ, ಬದಲಿ ಮಾಡು," ಎಂದು ಉಪದೇಶಿಸಿದರು. ಆತ ಹಾರ್ನನ್ನು ಬದಲಿಸಲಿಲ್ಲ, ದಾರಿಯನ್ನೇ ಬದಲಿಸಿದ. ಅಂದಿನಿಂದ ಪಾವಿಗಾಗಿ ಮಾಮಾನೇ ಚೀಲ ಹಿಡಿದು ಬೇಕರಿಗೆ ಹೋಗಿಬರುತ್ತಾರೆ.

ಕೋರ್ಸಿನ ಕೊನೆಗೆ ಒಂದು ಹಾಡು ಒಪ್ಪಿಸಬೇಕಿತ್ತು. ಮಾಮಿಯ ಒಂದೊಂದು ಸ್ವರವನ್ನೂ ಕಂಪ್ಯೂಟರಿನಲ್ಲಿ ಎಳೆದೆಳೆದು ಹಳೆಯ ಎತ್ತರಕ್ಕೆ ಏರಿಸಿ, ನಮ್ಮನ್ನೆಲ್ಲ ಕೂಡಿಸಿ ಕೇಳಿಸಿದರು. ಒಂದೂ ಕಲೆಯಿಲ್ಲದ, ನುಣ್ಣನೆಯ ಹಾಡು.

ಮಾಮಿ ಪೂರ್ತಿ ಕೇಳಿದರು. "ಭಾಳ ಚಲೋ ಹಾಡ್ಯಾಳ. ಯಾರ್ರೀ ಈಕಿ?"

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಮಾಮಾ ಎದ್ದು ಕಂಪ್ಯೂಟರನ್ನು ಬಂದ್ ಮಾಡಿದರು.

ಮುಂದಿನ ಗುರುವಾರ ಭಜನೆಯನ್ನೇ ಮನೆಗೆ ಕರೆದರು. ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮಾಮಾ ಹಾರ್ಮೋನಿಯಂ ತೆರೆದು, ವರ್ಷಾನುಗಟ್ಟಲೆ ಶ್ರುತಿ ಹಿಡಿದ ಕೀಲಿಯನ್ನು ಬಿಟ್ಟು ಬಹಳ ಕೆಳಗಿನದೊಂದನ್ನು ಒತ್ತಿದರು.

"ಶ್ರುತಿ ತಪ್ಪೇತ್ರಿ," ಎಂದರು ಪಕ್ಕದ ಮನೆಯಾಕೆ.

"ಇಲ್ರಿ. ಇನ್ನ ಮ್ಯಾಲ ನಮ್ಮ ಭಜನಿಗೆ ಇದ ಶ್ರುತಿ. ಆಕಿ ಮ್ಯಾಲ ಬರೂದು ಬ್ಯಾಡ, ನಾವ ಕೆಳಗ ಇಳಿಯೂಣು."

ಮಾಮಿ ಕೈ ಒರೆಸಿಕೊಂಡು ಬಂದು ಕೂತು, ಮೊದಲ ಸಾಲು ಎತ್ತಿದರು. ದಪ್ಪನೆಯ, ಹೊಸ ಧ್ವನಿ. ತಾಳ ಹಿಡಿದಿದ್ದ ನನಗೆ ಕಣ್ಣು ತುಂಬಿ ಬಂತು.

ಮಾಮಾ ಮೊಬೈಲಿನಲ್ಲಿ ಹಿಡಿದ ಆ ಹಾಡನ್ನೇ ಕೋರ್ಸಿಗೆ ಒಪ್ಪಿಸಿದರು. ನಡುವೆ ವಿಮಾನದ ಸದ್ದಿದೆ, ಅದನ್ನು ತೆಗೆಯಿರಿ ಎಂದರು ಟೀಚರು.

"ಇರಲಿ ಬಿಡ್ರಿ," ಎಂದರಂತೆ ಮಾಮಾ. "ವಿಮಾನ ಬಂತು, ಆದ್ರ ಆಕಿ ಹಾಡೂದು ನಿಲ್ಲಸಲಿಲ್ಲ."