ಮ್ಯೂಸಿಯಂಗೆ ಮನೆ ಮನೆ ಹೇಳಿಕೆ

ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನ್ನ ಚಹಾಕ್ಕೆ ಸಕ್ಕರೆ ಬೇಡ. ಸಕ್ಕರೆ ಕಾಯಿಲೆ ಇರುವುದರಿಂದ ಹೇಗೂ ಹಾಕುವುದಿಲ್ಲ, ಅದು ಬೇರೆ ಮಾತು. ಆದರೆ ಆಣೆ ಆಣೆಯೇ.

ಇಂಥವು ನನ್ನ ಸುತ್ತಲೇ ಯಾಕೆ ಆಗುತ್ತವೋ ಗೊತ್ತಿಲ್ಲ. ಬಂಟ್ವಾಳ–ಮೂಡುಬಿದಿರೆ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವ ನಾನು. ನಾನು ಸೀಟಿ ಊದಿದರೆ ನಮ್ಮ ಬಸ್ಸು ಮಾತ್ರ ಅಲ್ಲ, ಎದುರಿನಿಂದ ಬರುವ ಬಸ್ಸು ಕೂಡ ನಿಲ್ಲುತ್ತಿತ್ತು. ನಿವೃತ್ತನಾದ ಮೇಲೆ ಮನೆಯಲ್ಲಿ ನನ್ನ ಸೀಟಿಗೆ ಯಾರೂ ನಿಲ್ಲದ ಕಾರಣ, ಮೂಡುಬಿದಿರೆಯ ನಮ್ಮ ಸಣ್ಣ ಕಲಾ ಮ್ಯೂಸಿಯಂಗೆ ಸಂಬಳವಿಲ್ಲದ ಗೈಡ್ ಆಗಿ ಸೇರಿದೆ.

ಅಲ್ಲಿ ಭಾನುವಾರದ ಕಾರ್ಯಕ್ರಮಗಳನ್ನು ನಡೆಸುವವರು ಒಬ್ಬ ಮೇಡಂ. ಮೈಸೂರಿನವರು, ಇನ್ನೂ ಮದುವೆಯಾಗಿಲ್ಲ. ಚಿತ್ರ ತೋರಿಸುವುದು, ಬಿಡಿಸಲು ಕಲಿಸುವುದು, ಊರವರನ್ನು ಸೇರಿಸುವುದು ಎಲ್ಲ ಅವರದ್ದೇ. ಆದರೆ ಜನ ಬರಬೇಕಲ್ಲ! ಮ್ಯೂಸಿಯಂ ನಡೆಸುವ ಟ್ರಸ್ಟಿನ ಅಧ್ಯಕ್ಷರು ಮುಂಬೈಯಿಂದ ಫೋನ್ ಮಾಡಿ ಹೇಳಿಬಿಟ್ಟಿದ್ದರು: "ತಿಂಗಳ ಕೊನೆಯ ಭಾನುವಾರ ನಾನೇ ಬರ್ತೇನೆ. ಹಾಲ್ ಖಾಲಿ ಕಂಡರೆ ಭಾನುವಾರದ ಕಾರ್ಯಕ್ರಮಗಳು ಬಂದ್."

ಮೇಡಂ ಮುಖ ಬಾಡಿತು. ಕಾರ್ಯಕ್ರಮ ಬಂದ್ ಆದರೆ ಅವರು ಮೈಸೂರಿನ ಬಸ್ಸು ಹತ್ತುವುದೇ. ನಾನು ಎದೆ ತಟ್ಟಿ ಹೇಳಿದೆ, "ಮೇಡಂ, ಜನ ತುಂಬಿಸುವುದು ಹೇಗೆಂದು ಒಬ್ಬ ಕಂಡಕ್ಟರನಿಗೆ ಹೇಳಿಕೊಡಬೇಕಾ?"

ಮುಂದೆ ಹೋಗಿ

ಮೊದಲು ಸಿದ್ಧಕಟ್ಟೆಯ ಸ್ವಸಹಾಯ ಸಂಘದ ಹೆಂಗಸರನ್ನು ಕರೆತಂದೆ. ದಾರಿಯುದ್ದಕ್ಕೂ ಅವರ ಮಾತಿಗೆ ಬಸ್ಸಿನ ಹಾರ್ನ್ ಕೇಳಿಸುತ್ತಿರಲಿಲ್ಲ. ಒಳಗೆ ಬಂದವರೇ ಮೊದಲ ಚಿತ್ರದ ಎದುರು ಗಪ್ ಚಿಪ್.

ಅದು ಪೊಳಲಿಯ ಹತ್ತಿರದ ಫಲ್ಗುಣಿ ಹೊಳೆಯ ಚಿತ್ರ. ಗೋಡೆಯಿಂದ ಗೋಡೆಗೆ, ಮೇಲಿಂದ ನೆಲದವರೆಗೆ ನೀರೇ ನೀರು. ನಾನು ದಿನಾ ನೋಡುವವ, ಆದರೂ ಅದರ ಎದುರು ನನ್ನ ಬಾಯಿ ಮುಚ್ಚಿಹೋಗುತ್ತದೆ. ಹೆಂಡತಿ ಇದನ್ನು ನಂಬದೆ ಒಂದು ದಿನ ಬಂದು ಕಣ್ಣಾರೆ ನೋಡಿ ಹೋದಳು. ಚಿತ್ರವನ್ನಲ್ಲ, ನನ್ನ ಬಾಯಿಯನ್ನು.

"ನೀರು ಅಲ್ಲಾಡ್ತದೆ ಮಾವ," ಎಂದಳು ಒಬ್ಬಳು ನನಗೆ, ಪಿಸುಮಾತಿನಲ್ಲಿ. ಪಕ್ಕದವಳು ಒದ್ದೆಯಾಗದ ಹಾಗೆ ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಹಿಡಿದಳು. ದೇವರಾಣೆ, ನನಗೂ ಪಂಚೆ ಎತ್ತಿ ಕಟ್ಟುವ ಅಂತ ಅನಿಸಿತು.

ಅಷ್ಟರಲ್ಲಿ ಹಿಂದಿನವರು ಬಾಗಿಲಲ್ಲೇ ಸಿಕ್ಕಿಕೊಂಡರು. ಬಾಗಿಲಲ್ಲಿ ಜನ ನಿಂತದ್ದು ಕಂಡರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ.

"ಮುಂದೆ ಹೋಗಿ, ಮುಂದೆ ಹೋಗಿ! ಮುಂದೆ ಖಾಲಿ ಉಂಟು!"

ಹಾಲ್ ನಡುಗಿತು. ಹೆಂಗಸರೆಲ್ಲ ಒಂದೇ ಸಲ ಮುಂದೆ ಸರಿದರು. ಇಬ್ಬರು ಹಿಡಿದುಕೊಳ್ಳಲು ಮೇಲೆ ಕಂಬಿ ಹುಡುಕಿದರು. ಮೇಡಂ ಓಡಿ ಬಂದು, "ಮಾವ, ನಿಂತು ನೋಡ್ಲಿ ಅಂತಲೇ ಅಲ್ವಾ ನಾವು ಇಷ್ಟೆಲ್ಲ ಮಾಡೋದು?" ಎಂದರು.

ಆಗ ಸೀರೆ ಎತ್ತಿ ಹಿಡಿದವಳು ನನ್ನ ಕಡೆ ತಿರುಗಿ ಹೇಳಿದಳು: "ಹೌದು ಮಾವ, ಇಳಿಯುವವರು ಇದ್ದೇವೆ. ಹೊಳೆಯ ಹತ್ತಿರ ಒಂದು ಸ್ಟಾಪ್ ಕೊಡಿ."

ಮುಟ್ಟಬೇಡಿ

ಮುಂದಿನ ವಾರ ಮೇಡಂ ಒಂದು ಪ್ರದರ್ಶನ ಇಟ್ಟರು. ಊರವರು ಮನೆಯ ಹಳೆಯ ಸಾಮಾನು ತರಬೇಕು, ಮ್ಯೂಸಿಯಂ ಅದನ್ನು ಕಲೆಯ ಹಾಗೆ ಇಟ್ಟು ತೋರಿಸುತ್ತದೆ. ಕಲ್ಲಡ್ಕದ ಕಡೆಯ ಒಬ್ಬ ಅಜ್ಜಿ ಹಲಸಿನ ಮರದ ತುರಿಮಣೆ ತಂದುಕೊಟ್ಟರು. ಅವರ ಮಾವ ಕುದುರೆಯ ಆಕಾರದಲ್ಲಿ ಕೆತ್ತಿಸಿದ್ದಂತೆ.

ಮೇಡಂ ಅದನ್ನು ಒರೆಸಿ ಬಿಳಿ ಪೀಠದ ಮೇಲೆ ಇಟ್ಟು, ಮೇಲಿಂದ ಒಂದು ದೀಪ ಬಿಟ್ಟರು, ನೋಡಿ. ಕುದುರೆ ಈಗ ಹಾರುತ್ತದೆ, ಇನ್ನೊಂದು ಗಳಿಗೆಯಲ್ಲಿ ಹಾರುತ್ತದೆ ಅನ್ನುವ ಹಾಗೆ ನಿಂತಿತು. ಪ್ರದರ್ಶನ ಶುರುವಾದ ದಿನ ಅಜ್ಜಿ ಬಂದರು. ಪೀಠದ ಎದುರು ಚಪ್ಪಲಿ ಕಳಚಿದರು.

"ಇದು ಯಾವ ಅರಸರದ್ದು ಮಗ?"

"ನಿಮ್ಮದೇ ಅಜ್ಜಿ."

"ನನ್ನದಾ?" ಎಂದು ಅಜ್ಜಿ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಬಂದರು. "ಇಷ್ಟು ದಿನ ಇದರ ಬೆನ್ನ ಮೇಲೆ ಕೂತೆನಲ್ಲದೆ ಮುಖ ನೋಡಲಿಲ್ಲ ಮಾರಾಯ."

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅಜ್ಜಿ ಜಗಲಿಯಲ್ಲಿ. ಮನೆಗೆ ನೆಂಟರು ಬಂದಿದ್ದಾರೆ, ಕೋಳಿ ಪದಾರ್ಥಕ್ಕೆ ಕಾಯಿ ತುರಿಯಬೇಕು, ಕುದುರೆಯನ್ನು ಸ್ವಲ್ಪ ಕೊಡಿ, ಮಧ್ಯಾಹ್ನಕ್ಕೆ ತಂದು ಇಡ್ತೇನೆ ಅಂತ. ಪ್ರದರ್ಶನ ಮುಗಿಯುವವರೆಗೆ ವಸ್ತು ಹೊರಗೆ ಹೋಗುವ ಹಾಗಿಲ್ಲ ಎಂದರು ಮೇಡಂ. ಅಜ್ಜಿ ಸೀದಾ ಹೋಗಿ ಎದುರಿನ ಅಂಗಡಿಯಿಂದ ತೆಂಗಿನಕಾಯಿ, ಪಾತ್ರೆ ತಂದರು, ಕುದುರೆಯನ್ನು ಪೀಠದಿಂದ ನೆಲಕ್ಕೆ ಇಳಿಸಿ ಹತ್ತಿ ಕೂತರು, 'ಮುಟ್ಟಬೇಡಿ' ಎಂಬ ಬೋರ್ಡನ್ನು ಒಡೆದ ಕಾಯಿಯ ಹೋಳುಗಳ ಅಡಿಗೆ ಇಟ್ಟುಕೊಂಡರು.

ಅಷ್ಟು ಹೊತ್ತಿಗೆ ಮಂಗಳೂರಿನಿಂದ ಬಂದ ಕಾಲೇಜಿನವರ ಒಂದು ತಂಡ ಒಳಗೆ ಬಂತು. ದೀಪದ ಬೆಳಕಿನಲ್ಲಿ ಬಿಳಿ ತುರಿ ಹಿಮದ ಹಾಗೆ ಬೀಳುತ್ತಿತ್ತು. ನಾನು ಹಿಮ ನೋಡಿಲ್ಲ, ಆದರೆ ಬಿದ್ದರೆ ಹಾಗೆಯೇ ಬೀಳಬೇಕು. ಕಾಲೇಜಿನವರು ಸುತ್ತ ನೆಲದ ಮೇಲೆ ಕೂತು ನೋಡಿದರು. ಕೊನೆಯ ಹೋಳು ಮುಗಿದಾಗ ಹಾಲ್ ತುಂಬ ಚಪ್ಪಾಳೆ.

ಅಜ್ಜಿ ಪಾತ್ರೆ ಎತ್ತಿಕೊಂಡು ಎದ್ದರು. "ಮದುವೆಯಾಗಿ ಬಂದಂದಿನಿಂದ ತುರಿಯುತ್ತಿದ್ದೇನೆ, ಮನೆಯಲ್ಲಿ ಒಬ್ಬ ಕೈ ತಟ್ಟಲಿಲ್ಲ. ಮೇಡಂ, ನಾಳೆಯಿಂದ ಮೀನು ಕೊಯ್ಯುವುದೂ ಇಲ್ಲಿಯೇ."

ಹೇಳಿಕೆ

ಇಷ್ಟಾದರೂ ಕೊನೆಯ ಭಾನುವಾರಕ್ಕೆ ಬರುತ್ತೇನೆ ಎಂದವರು ಯಾರೂ ಇಲ್ಲ. ಮೇಡಂ ವಾಟ್ಸಾಪಿನಲ್ಲಿ ಚಂದದ ಕರೆಯೋಲೆ ಕಳಿಸಿದರು, ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟರ್ ಅಂಟಿಸಿದರು. ಬಿ.ಸಿ. ರೋಡಿನಲ್ಲಿ ಹೋಟೆಲು ಇಟ್ಟ ನನ್ನ ಗೆಳೆಯನನ್ನು ಕೇಳಿದೆ, "ಬರುವುದಿಲ್ಲವಾ?"

"ನೋಡಿದೆ ಮಾರಾಯ, ಚಂದ ಉಂಟು. ಆದರೆ ನಮಗೆ ಹೇಳಿಕೆ ಇಲ್ಲವಲ್ಲ."

ಆಗ ನನ್ನ ತಲೆಯಲ್ಲಿ ಬೆಳಕಾಯಿತು. ನಮ್ಮ ಕಡೆ ಕಾಗದ ಎಷ್ಟು ಚಂದ ಇದ್ದರೂ, ಮನೆಯ ಜಗಲಿಗೆ ಬಂದು, ಬಾಯಿ ಬಿಟ್ಟು ಕರೆಯದೆ ಯಾರೂ ಹೊರಡುವುದಿಲ್ಲ. ಅದಕ್ಕೇ ಹೇಳಿಕೆ ಅನ್ನುವುದು.

ಮರುದಿನವೇ ಸ್ಕೂಟರ್ ತೆಗೆದೆ. ಬಂಟ್ವಾಳ, ಸಿದ್ಧಕಟ್ಟೆ, ಬೆಳ್ತಂಗಡಿಯವರೆಗೆ ಮನೆ ಮನೆ ಹತ್ತಿದೆ. ಜಗಲಿಯಲ್ಲಿ ಕೊಟ್ಟ ನೀರು, ಬೆಲ್ಲ ಸೇರಿಸಿದರೆ ಒಂದು ಕೆರೆ ಪಾನಕ ಆಗುತ್ತಿತ್ತು. ಎಲ್ಲ ಕಡೆ ಒಂದೇ ಮಾತು: "ಭಾನುವಾರ ನಮ್ಮಲ್ಲಿ ಕಾರ್ಯಕ್ರಮ ಉಂಟು, ಮನೆಮಂದಿ ಎಲ್ಲ ಬರಬೇಕು, ಊಟಕ್ಕೆ ನಿಲ್ಲಬೇಕು." ಊಟದ ಹೊಣೆ ಹೋಟೆಲಿನ ಗೆಳೆಯನದ್ದು.

"ಯಾರದ್ದು?" ಎಂದು ಕೇಳಿದರು.

"ನಮ್ಮ ಮೇಡಂದು," ಎಂದೆ.

ನನ್ನ ತಪ್ಪು ಏನಾದರೂ ಇದ್ದರೆ ಅಷ್ಟೇ. ಮನೆಮಂದಿ ಎಲ್ಲರನ್ನು ಊಟಕ್ಕೆ ಕರೆಯುವ ಹೇಳಿಕೆ, ಮದುವೆಯಾಗದ ಹುಡುಗಿ. ಊರವರು ಲೆಕ್ಕ ಹಾಕಿಕೊಂಡರು.

ಸಾಲಾಗಿ ಬನ್ನಿ

ಭಾನುವಾರ ಬೆಳಿಗ್ಗೆ ಗೇಟಿನ ಎದುರು ಜೀಪು, ರಿಕ್ಷಾ, ಎರಡು ಬಸ್ಸು. ಇಳಿದವರೆಲ್ಲ ರೇಷ್ಮೆಯ ಪಟ್ಟೆ ಸೀರೆ, ಜರಿ ಪಂಚೆ, ತಲೆ ತುಂಬ ಮಲ್ಲಿಗೆ. ಆ ಪರಿಮಳ ಹಾಲ್‌ನೊಳಗೆ ನಮಗಿಂತ ಮೊದಲು ಹೋಯಿತು.

"ಹುಡುಗ ಎಲ್ಲಿಯವ?" ಎಂದು ಒಬ್ಬರು ಕೇಳಿದರು.

ಮೇಡಂ ನನ್ನನ್ನು ಕಂಬದ ಹಿಂದಕ್ಕೆ ಎಳೆದರು. "ಮಾವ, ನನ್ನ ಮದುವೆ ಅಂತ ಹೇಳಿದ್ರಾ?"

"ಇಲ್ಲ ಮೇಡಂ. ಅವರೇ ಹೇಳಿಕೊಂಡದ್ದು."

"ಅಧ್ಯಕ್ಷರು ಈಗ ಬರ್ತಾರೆ. ಇವ್ರು ನಿಜ ತಿಳ್ಕೊಂಡು ವಾಪಸ್ ಹೋದ್ರೆ ನಾನೂ ಅದೇ ಬಸ್ಸಲ್ಲಿ ಹೋಗ್ಬೇಕು."

ಒಳಗೆ ಜನ ಆಗಲೇ "ಮದುಮಕ್ಕಳು ಎಲ್ಲಿ?" ಎಂದು ಶುರುಮಾಡಿದ್ದರು. ಕೊನೆಯ ಕೋಣೆಯ ಗೋಡೆಯಲ್ಲಿ ಕಂಬಳದ ಜೋಡಿ ಕೋಣಗಳ ದೊಡ್ಡ ಚಿತ್ರ ಉಂಟು. ಕೆಸರು ಹಾರಿಸಿಕೊಂಡು ಸೀದಾ ನಮ್ಮ ಮೈಮೇಲೆ ಬರುವ ಹಾಗೆ. ನನ್ನ ಗಂಟಲು ತಾನಾಗಿಯೇ ತೆರೆದುಕೊಂಡಿತು.

"ಸಾಲಾಗಿ ಬನ್ನಿ! ಫೋಟೋ ಕೊನೆಯ ಕೋಣೆಯಲ್ಲಿ! ಊಟ ಫೋಟೋ ಆದ ಮೇಲೆ!"

ನಮ್ಮವರಿಗೆ ಇನ್ನೇನು ಬೇಕು? ಸಾಲು ಹಿಡಿಯಿತು. ಹೊಳೆಯ ಚಿತ್ರದ ಎದುರಿನಿಂದ, ತುರಿಮಣೆಯ ಪಕ್ಕದಿಂದ, ಮ್ಯೂಸಿಯಂನ ಒಂದು ಗೋಡೆಯೂ ಬಿಡದೆ ಹಾವಿನ ಹಾಗೆ ಸುತ್ತಿ ಕೋಣಗಳ ಹತ್ತಿರ ಮುಟ್ಟಿತು. ಸಾಲಿನಲ್ಲಿ ನಿಂತವರಿಗೆ ಗೋಡೆ ನೋಡದೆ ಬೇರೆ ಕೆಲಸ ಏನು? ಕೋಣಗಳ ಎದುರು ಬಂದವರು ಒಂದು ಗಳಿಗೆ ಬೆಚ್ಚಿ, ಮತ್ತೆ ಅಭ್ಯಾಸ ಬಲದಿಂದ ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು ನಿಂತು ಸೆರಗು ಸರಿಮಾಡಿಕೊಂಡರು. ಕಾರ್ಯಕ್ರಮಕ್ಕೆ ಮೇಡಂ ಕರೆಸಿದ್ದ ಫೋಟೋದವ "ಸ್ವಲ್ಪ ನಗಿ" ಎಂದ. ಎಲ್ಲರೂ ನಕ್ಕರು. ಎಡಗಡೆಯ ಕೋಣವೂ ನಕ್ಕಿತು.

ಅಧ್ಯಕ್ಷರು ಬಂದದ್ದು ಆಗ. ಬಾಗಿಲಲ್ಲೇ ಕಲ್ಲಿನ ಹಾಗೆ ನಿಂತರು. "ಮುಂಬೈಯಲ್ಲಿ ಎಷ್ಟೋ ಪ್ರದರ್ಶನ ನೋಡಿದ್ದೇನೆ. ಪಟ್ಟೆ ಸೀರೆ ಉಟ್ಟು ಚಿತ್ರ ನೋಡಲಿಕ್ಕೆ ಬಂದವರನ್ನು ಎಲ್ಲಿಯೂ ನೋಡಲಿಲ್ಲ," ಎಂದು ಮೆಲ್ಲ ಹೇಳಿ, ಚಪ್ಪಲಿ ಬಿಟ್ಟು ಸಾಲಿನ ಕೊನೆಯಲ್ಲಿ ತಾವೂ ನಿಂತರು.

ಅವರ ಮುಂದೆ ಬೆಳ್ತಂಗಡಿ ಕಡೆಯ ಒಬ್ಬ ಮುದುಕರು, ಕಂಬಳದಲ್ಲಿ ಕೋಣ ಓಡಿಸಿದವರು. ಫೋಟೋ ಆಗಿತ್ತು, ಆದರೂ ಎರಡನೆಯ ಸಲ ಸಾಲಿಗೆ ಬಂದಿದ್ದರು. ಕೋಣಗಳ ಎದುರು ಮುಟ್ಟಿದಾಗ ಶಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಓಡಿಸುವವನು ಯಾವಾಗಲೂ ಹಿಂದೆ ಅಲ್ಲವಾ ಧಣಿ," ಎಂದರು ಅಧ್ಯಕ್ಷರಿಗೆ. "ಓಡುವಾಗ ನನ್ನ ಕೋಣಗಳ ಮುಖ ಹೇಗೆ ಇರ್ತದೆ ಅಂತ ಇವತ್ತು ಕಂಡೆ."

ಅಧ್ಯಕ್ಷರು ಮೇಡಂ ಕಡೆ ತಿರುಗಿ, "ಭಾನುವಾರ ಮಾತ್ರ ಯಾಕೆ, ಶನಿವಾರವೂ ಮಾಡಿ," ಎಂದರು. ಮೇಡಂ ಕಣ್ಣೊರೆಸಿಕೊಂಡದ್ದನ್ನು ನೋಡಿದ ಹೆಂಗಸರು, ಹುಡುಗಿ ತವರು ಬಿಡುವಾಗ ಅಳುವುದು ಸಹಜ ಎಂದು ಸಮಾಧಾನ ಮಾಡಿದರು.

ಇಷ್ಟರಲ್ಲಿ ಒಂದೇ ಒಂದು ಸಣ್ಣ ಸಂಗತಿ ನಾನು ಕಟ್ಟಿ ಹೇಳಿದ್ದು, ಒಪ್ಪಿಕೊಳ್ಳುತ್ತೇನೆ. ಫೋಟೋಕ್ಕೆ ಎಡಗಡೆಯ ಕೋಣ ನಕ್ಕಿತು ಎಂದೆನಲ್ಲ, ಅದು ಸುಳ್ಳು.

ನಕ್ಕದ್ದು ಬಲಗಡೆಯದ್ದು.